ಮೋಟಾರು ಕೊನೆಗಿರಲಿ

ಸೊರಬ ತಾಲ್ಲೂಕಿನ ಶಾಲೆಯೊಂದಕ್ಕೆ ಹೋಗಿದ್ದೆ. ಏಳನೇ ತರಗತಿಯ ನಾಲ್ವರು ಹುಡುಗರು ನನ್ನನ್ನು ಶಾಲೆಯ ಹಿಂಬದಿಗೆ ಕರೆದೊಯ್ದರು. ಒಂದು ಹಲಗೆ, ಅದಕ್ಕೆ ನಾಲ್ಕು ಬೇರಿಂಗ್, ಮೇಲೆ ಮೊಳೆ ಹೊಡೆದು ನಿಲ್ಲಿಸಿದ ಎತ್ತರದ ಹಳೇ ಸ್ಟೂಲು. "ಮೇಡಂ, ಇದಕ್ಕೆ ಎಷ್ಟು ಎಚ್.ಪಿ. ಮೋಟಾರು ಹಾಕಬೇಕು?" ಎಂದರು.

"ನಿಲ್ಲಿಸೋದು ಹ್ಯಾಗ್ರೋ?"

"ಕಾಲು ಕೊಡ್ತೀವಿ ಮೇಡಂ!"

ಶಿಕ್ಷಕ ಮಿತ್ರರೇ, ಇಂಥ ಆಸೆಯನ್ನು ಗದರಿ ಅಡಗಿಸಬಾರದು ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಕೇಳಿದ ಕೂಡಲೇ ಮೋಟಾರು ತಂದುಕೊಡುವುದೂ ಸರಿಯಲ್ಲ. ಆ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ. ಗಾಡಿ ಓಡಿತು, ನಿಲ್ಲಲಿಲ್ಲ. ಧ್ವಜಕಟ್ಟೆಗೆ ಹೊಡೆಯಿತು. ಕಾಲು ಕೊಟ್ಟ ಹುಡುಗನ ಹಿಮ್ಮಡಿಯ ಚರ್ಮ ಸುಲಿದುಹೋಯಿತು. ಅಂದಿನಿಂದ ನನ್ನ ಖರೀದಿ ಪಟ್ಟಿ ತಲೆಕೆಳಗಾಗಿದೆ: ಮೊದಲು ಬ್ರೇಕು, ಕೊನೆಗೆ ಮೋಟಾರು.

ಶಿಕಾರಿಪುರದ ಹುಚ್ಚರಾಯಸ್ವಾಮಿ ತೇರನ್ನು ನೆನೆಯಿರಿ. ಹಗ್ಗ ಹಿಡಿದು ಎಳೆಯುವವರು ನೂರಾರು ಜನ. ಆದರೆ ತೇರು ಎಲ್ಲಿ ನಿಲ್ಲಬೇಕು ಎಂಬುದನ್ನು ನಿರ್ಧರಿಸುವವರು ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದು ನಡೆಯುವ ಕೆಲವೇ ಮಂದಿ. ಮಕ್ಕಳ ಗಾಡಿಗೂ ಘರ್ಷಣೆಯೇ ಸಾಕು. ಗಟ್ಟಿ ಮರದ ಸನ್ನೆಯೊಂದರ ತುದಿಗೆ ಹಳೇ ಟೈರಿನ ತುಂಡು ಹೊಡೆದು, ಅದು ಹಿಂಗಾಲಿಯನ್ನು ಒತ್ತುವಂತೆ ಮಾಡಿ. ಸೀಟಿನ ಮೇಲೆ 40 ಕಿಲೋ ಮರಳಿನ ಚೀಲ ಕಟ್ಟಿ, ಜೋರಾಗಿ ನಡೆಯುವ ವೇಗದಲ್ಲಿ ತಳ್ಳಿ, ಪಕ್ಕದಲ್ಲೇ ನಡೆಯುತ್ತ ಸನ್ನೆ ಎಳೆಯಿರಿ. ಒಂದು ಮೀಟರಿನೊಳಗೆ ನಿಲ್ಲದಿದ್ದರೆ ಮುಂದಿನ ಭಾಗ ಕೊಳ್ಳಬೇಡಿ.

ಇನ್ನು ಗಾಲಿ. ಬೇರಿಂಗ್ ಗಾಡಿ ಇಳಿಜಾರಿನ ಆಟಕ್ಕೆ ಚೆನ್ನ, ಮೋಟಾರಿಗೆ ಬಾರದು. ಅಚ್ಚು ತಿರುಗಿದರೂ ಹೊರಬಳೆ ತಿರುಗಬೇಕಿಲ್ಲ ಎಂಬುದಕ್ಕಾಗಿಯೇ ಬೇರಿಂಗ್ ಇರುವುದಲ್ಲವೇ? ಅಚ್ಚನ್ನು ಮೋಟಾರು ತಿರುಗಿಸಿದರೂ ಬಳೆ ಸುಮ್ಮನೆ ನಿಂತಿರುತ್ತದೆ! ಕೈಗಾಡಿಯ 20 ಸೆಂ.ಮೀ. ವ್ಯಾಸದ ರಬ್ಬರ್ ಗಾಲಿ ಗುಜರಿಯಲ್ಲಿ ಹುಡುಕಿ. ಬೇರಿಂಗ್ ಅದರೊಳಗೆ ಇರಲಿ. ಮೋಟಾರಿನ ಬಲ ಒಂದೇ ಹಿಂಗಾಲಿಗೆ ಸಾಕು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ತಿರುವಿನಲ್ಲಿ ಹೊರಗಾಲಿ ಹೆಚ್ಚು ದೂರ ಹೋಗಬೇಕು, ಒಳಗಾಲಿ ಕಡಿಮೆ. ಎರಡರ ಜಗಳದಲ್ಲಿ ಒಂದು ಉಜ್ಜಿಕೊಂಡೇ ಹೋಗುತ್ತದೆ.

ಸ್ಟೂಲಿನ ಎತ್ತರದ ಬಗ್ಗೆ ಮಕ್ಕಳೊಂದಿಗೆ ನನಗೆ ದೊಡ್ಡ ವಾದವೇ ಆಯಿತು. ಎತ್ತರವಿದ್ದರೆ ಗತ್ತು! ಅಮೆರಿಕದಲ್ಲಿ ಸ್ಟೂಲಿಗೆ ಇಂಜಿನ್ ಕಟ್ಟಿ ಪಂದ್ಯ ಆಡುವ ದೊಡ್ಡವರಿದ್ದಾರೆ. 2009ರಲ್ಲಿ ಒಹಾಯೊ ರಾಜ್ಯದಲ್ಲಿ ಒಬ್ಬಾತ ಹುಲ್ಲು ಕತ್ತರಿಸುವ ಯಂತ್ರದ ಇಂಜಿನ್ ಹಾಕಿದ ಇಂಥದೇ ಗಾಡಿಯಿಂದ ಬಿದ್ದು ಆಸ್ಪತ್ರೆ ಸೇರಿದ. ಲೆಕ್ಕ ಮಾಡಿ ನೋಡೋಣ. ಮಗು ಕುಳಿತಾಗ ಗುರುತ್ವ ಕೇಂದ್ರ ನೆಲದಿಂದ 80 ಸೆಂ.ಮೀ. ಮೇಲಿದೆ, ಎಡ-ಬಲ ಗಾಲಿಗಳ ಅಂತರ 40 ಸೆಂ.ಮೀ. ಎನ್ನಿ. 3 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ಸುಮಾರು 10 ಕಿ.ಮೀ. ವೇಗಕ್ಕೇ ಒಳಗಾಲಿಗಳು ನೆಲ ಬಿಡುತ್ತವೆ. ಕೇಂದ್ರವನ್ನು 40 ಸೆಂ.ಮೀ.ಗೆ ಇಳಿಸಿ, ಅಂತರವನ್ನು 60ಕ್ಕೆ ಹಿಗ್ಗಿಸಿದರೆ ಈ ಮಿತಿ 17 ಕಿ.ಮೀ. ಆಗುತ್ತದೆ. ಗರಗಸ ಬಿಟ್ಟರೆ ಇದಕ್ಕೆ ಹೆಚ್ಚಿನ ಖರ್ಚಿಲ್ಲ.

ಈಗ ಮೋಟಾರು. ಗುಜರಿಯಲ್ಲಿ ಸಿಗುವ ಮೊಪೆಡ್ ಇಂಜಿನ್ ಖಂಡಿತ ಬೇಡ. ಪೆಟ್ರೋಲು, ಬಿಸಿ ಹೊಗೆಕೊಳವೆ, ಮಿತಿಯಿಲ್ಲದ ವೇಗ, ಇವು ಪ್ರಾಥಮಿಕ ಶಾಲೆಯ ಅಂಗಳಕ್ಕಲ್ಲ. ಗೇರಿರುವ 24 ವೋಲ್ಟಿನ, 250 ವ್ಯಾಟ್ ಡಿ.ಸಿ. ಮೋಟಾರು ಧಾರಾಳವಾಯಿತು. ಅದು ನಿಮಿಷಕ್ಕೆ 300 ಸುತ್ತು ತಿರುಗಿದರೆ, 9 ಹಲ್ಲಿನ ಚಕ್ರದಿಂದ 18 ಹಲ್ಲಿನ ಚಕ್ರಕ್ಕೆ ಚೈನು ಹಾಕಿ. ಗಾಲಿ 150 ಸುತ್ತು ತಿರುಗುತ್ತದೆ, ಗಾಡಿ ಗಂಟೆಗೆ ಆರು ಕಿ.ಮೀ.ಗೂ ತುಸು ಕಡಿಮೆ ಓಡುತ್ತದೆ. 2006-07ರಿಂದ ಎಂಟನೇ ತರಗತಿಯವರಿಗೆ ಸರಕಾರ ಕೊಟ್ಟ ಸೈಕಲ್ಲುಗಳಲ್ಲಿ ಎಷ್ಟೋ ಈಗ ಹಿತ್ತಿಲಲ್ಲಿ ತುಕ್ಕು ಹಿಡಿದಿವೆ. ಚೈನು ಅಲ್ಲೇ ಸಿಕ್ಕೀತು, ಆದರೆ ಹಲ್ಲುಚಕ್ರಕ್ಕೆ ಅದು ಕೂರುತ್ತದೆಯೇ ಎಂದು ನೋಡಿಯೇ ಕೊಳ್ಳಿ. ಚೈನಿಗೆ ತಗಡಿನ ಮುಚ್ಚಳ ಬೇಕೇ ಬೇಕು, ಮಕ್ಕಳ ಬೆರಳು ಸಣ್ಣವು.

ಸ್ವಿಚ್ಚಿನಲ್ಲಿ ಉಳಿತಾಯ ಮಾಡಬೇಡಿ. ಈ ಮೋಟಾರು 10 ಆಂಪಿಯರ್‌ಗೂ ಮಿಕ್ಕಿ ಎಳೆಯುತ್ತದೆ. ಮನೆಯ ಬೆಲ್ ಸ್ವಿಚ್ಚು ಹಾಕಿದರೆ ಕಿಡಿಗೆ ಅದರ ಲೋಹದ ತುದಿಗಳು ಅಂಟಿಕೊಳ್ಳಬಹುದು, ಆಗ ಕೈ ಬಿಟ್ಟರೂ ಮೋಟಾರು ಆರದು. ಒತ್ತುಗುಂಡಿಯ ಜೊತೆಗೆ ಲಾರಿಯ 24 ವೋಲ್ಟಿನ ಹಾರ್ನ್ ರಿಲೇ ಇರಲಿ, ಬ್ಯಾಟರಿಯ ಬಾಯಲ್ಲೇ ಫ್ಯೂಸ್ ಇರಲಿ. ಇಷ್ಟಾದ ಮೇಲೂ ಗಾಡಿ ಶಾಲೆಯ ಗೇಟು ದಾಟಬಾರದು.

ವಸ್ತುಪ್ರದರ್ಶನದ ತೀರ್ಪುಗಾರರಾದ ನಮ್ಮದೂ ತಪ್ಪಿದೆ. ಓಡಿದ್ದಕ್ಕೆ ಅಂಕ ಕೊಡುತ್ತೇವೆ, ನಿಂತಿದ್ದಕ್ಕೆ ಕೊಡುವುದಿಲ್ಲ. ಹತ್ತರಲ್ಲಿ ಐದು ಅಂಕ ಬ್ರೇಕಿಗೆ ಮೀಸಲಿಟ್ಟು ನೋಡಿ, ಮಕ್ಕಳ ಮೊದಲ ಪ್ರಶ್ನೆಯೇ ಬದಲಾಗುತ್ತದೆ.

ಆ ಹುಡುಗರು ಸ್ಟೂಲಿನ ಕಾಲು ಕತ್ತರಿಸಿದ್ದಾರೆ, ಶಿರಾಳಕೊಪ್ಪದಿಂದ ಗಾಲಿ ತಂದಿದ್ದಾರೆ. ಬ್ರೇಕು ಹಿಡಿಯುತ್ತದೆ, ಆದರೆ ಎಡಗಾಲಿಗೆ ಮಾತ್ರ ಇರುವುದರಿಂದ ಗಾಡಿ ಎಡಕ್ಕೆ ಎಳೆಯುತ್ತದೆ. ಬಲಗಾಲಿಗೂ ಒಂದು ಸನ್ನೆ ಹಾಕಬೇಕು. ಮೋಟಾರು ಇನ್ನೂ ಕೊಂಡಿಲ್ಲ.