ಬೇಗ ನಿವೃತ್ತಿ: ಯಾರಿಗೆ, ಯಾವ ದುಡ್ಡಿನಿಂದ?

ಈಗ ಎಲ್ಲೆಡೆ ಒಂದೇ ಉಪದೇಶ ಕೇಳಿಬರುತ್ತಿದೆ. ದುಡಿಯಲು ಶುರುಮಾಡಿದ ದಿನದಿಂದಲೇ ಉಳಿಸಿ, ಹೂಡಿಕೆ ಮಾಡಿ, ನಲವತ್ತೈದಕ್ಕೆ ಕೆಲಸ ಬಿಟ್ಟು ಹಾಯಾಗಿರಿ ಎಂದು. ಕೊಳ್ಳೇಗಾಲ, ಹನೂರು, ಯಳಂದೂರಿನ ನಮಗೆ ಇದನ್ನು ಕೇಳಿದಾಗ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಏಕೆಂದರೆ ನಲವತ್ತೈದರ ನಿವೃತ್ತಿ ನಮ್ಮಲ್ಲಿ ಹೊಸದೇನಲ್ಲ. ದಿನವಿಡೀ ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನಿಂದ ಎಳೆ ತೆಗೆಯುವವರ ಬೆರಳಿನ ಚರ್ಮ ಸುಲಿಯುತ್ತದೆ. ಒಲೆಯ ಹೊಗೆ, ಬೆಂದ ಹುಳದ ವಾಸನೆ ಎದೆಗೆ ಇಳಿಯುತ್ತದೆ. ಕಲ್ಲು ಕ್ವಾರಿಯಲ್ಲಿ ದುಡಿದವರ ಸೊಂಟ, ಹನೂರಿನ ಕಡೆಯಿಂದ ತಮಿಳುನಾಡಿಗೆ ಕೂಲಿಗೆ ಹೋಗಿ ಬಂದವರ ಮಂಡಿ, ಎಲ್ಲವೂ ಕಾಲಕ್ಕೆ ಮೊದಲೇ ರಜೆ ಕೇಳುತ್ತವೆ. ನಮ್ಮಲ್ಲಿ ಬೇಗ ನಿವೃತ್ತಿ ಎಂದರೆ ಇದು.

ಯಳಂದೂರಿನವರಿಗೆ ಇನ್ನೊಂದು ಬಗೆಯ ನಿವೃತ್ತಿಯೂ ಗೊತ್ತು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಸೇವೆ ಸಲ್ಲಿಸಿ, 1799ರ ನಂತರ ಮೈಸೂರಿನ ದಿವಾನರಾದ ಪೂರ್ಣಯ್ಯನವರಿಗೆ 1807ರಲ್ಲಿ ಯಳಂದೂರು ಜಹಗೀರಾಗಿ ದೊರೆಯಿತು. ಅವರು ಹುದ್ದೆಯಿಂದ ಇಳಿದು ಹೆಚ್ಚು ದಿನ ಬದುಕಲಿಲ್ಲ, 1812ರಲ್ಲಿ ತೀರಿಕೊಂಡರು. ಆದರೆ ಜಹಗೀರು ಅವರ ಮನೆತನದಲ್ಲಿ ಉಳಿಯಿತು. ದಿವಾನರ ಮುಪ್ಪಿಗೆ ಒಂದು ಸೀಮೆಯ ಆದಾಯವೇ ಇತ್ತು. ಆ ಸೀಮೆಯಲ್ಲಿ ಉತ್ತು ಬಿತ್ತಿದವರ ಮುಪ್ಪಿಗೆ ಏನಿತ್ತು? ಇಂದಿಗೂ ಪ್ರಶ್ನೆ ಅದೇ.

ಉಪದೇಶಕರ ಲೆಕ್ಕವನ್ನೇ ತೆಗೆದುಕೊಳ್ಳೋಣ. ವರ್ಷದ ಖರ್ಚಿನ 25 ಪಟ್ಟು ಗಂಟು ಕೈಯಲ್ಲಿದ್ದರೆ ಕೆಲಸ ಬಿಡಬಹುದು ಎನ್ನುತ್ತಾರೆ. ಇದು 1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್, ಅಲ್ಲಿನ ಷೇರು ಮತ್ತು ಬಾಂಡುಗಳ ಇತಿಹಾಸ ನೋಡಿ ಹಾಕಿದ ಲೆಕ್ಕದಿಂದ ಬಂದದ್ದು. ತಿಂಗಳಿಗೆ 15,000 ರೂಪಾಯಿ ಖರ್ಚಿನ ಮನೆಗೆ ಇದರಂತೆ 45 ಲಕ್ಷ ಬೇಕು. ತಿಂಗಳಿಗೆ 1,000 ರೂಪಾಯಿ ಹೂಡಿ, ವರ್ಷಕ್ಕೆ ಶೇ. 12ರ ಲಾಭ ತಪ್ಪದೆ ಬಂದರೆ 32 ವರ್ಷಕ್ಕೆ ಹೆಚ್ಚುಕಡಿಮೆ 45 ಲಕ್ಷವಾಗುತ್ತದೆ ಎಂದು ಕಾಗದದಲ್ಲಿ ತೋರಿಸುತ್ತಾರೆ. ಲೆಕ್ಕ ಸರಿಯೇ. ಆದರೆ ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಅಂದಿನ 45 ಲಕ್ಷಕ್ಕೆ ಇಂದಿನ 7 ಲಕ್ಷದ ಬೆಲೆ ಮಾತ್ರ. ಈ ಅರ್ಧವನ್ನು ಹೇಳುವವರು ಕಡಿಮೆ. ಒಂದು ತಿಂಗಳೂ ತಪ್ಪಿಸಬಾರದು ಎಂಬ ಷರತ್ತು ಬೇರೆ. ಗೂಡಿನ ಬೆಲೆ ದಿನಕ್ಕೊಂದು, ನೂಲಿನ ಬೆಲೆ ಇನ್ನೊಂದು. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿದಾಗ ರೈತರೂ ರೀಲರುಗಳೂ ಒಟ್ಟಿಗೆ ನೆಲಕಚ್ಚಿದರು. ಆ ವರ್ಷ ಅವರು ಶಿಸ್ತು ತಪ್ಪಿದ್ದರೇ?

ಸರಕಾರದ ಪಿಂಚಣಿ ಇದೆಯಲ್ಲ ಎನ್ನಬಹುದು. 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಗೆ ಮೂವತ್ತರ ವಯಸ್ಸಿನವರು ತಿಂಗಳಿಗೆ 577 ರೂಪಾಯಿ ಕಟ್ಟುತ್ತಾ ಬಂದರೆ ಅರವತ್ತರ ನಂತರ ತಿಂಗಳಿಗೆ 5,000 ಸಿಗುತ್ತದೆ. ಅದೇ ಶೇ. 6ರ ಬೆಲೆಯೇರಿಕೆ ಹಿಡಿದರೆ ಅದು ಇಂದಿನ ಸುಮಾರು 870 ರೂಪಾಯಿ. ರಾಜ್ಯದ ಸಂಧ್ಯಾ ಸುರಕ್ಷಾ 65ಕ್ಕೆ ಬರುತ್ತದೆ. ಇವು ಬೇಡವೆಂದು ನಾವು ಹೇಳುವುದಿಲ್ಲ, ಇಲ್ಲದ್ದಕ್ಕಿಂತ ಇರುವುದು ಲೇಸು. ಆದರೆ ಕೈ ಸೋಲುವುದು ನಲವತ್ತೈದಕ್ಕೆ, ಪಿಂಚಣಿ ಬರುವುದು ಅರವತ್ತಕ್ಕೆ. ನಡುವಿನ ಆ ಹದಿನೈದು ವರ್ಷ ಯಾರ ಹೆಗಲಿಗೆ? ಓದು ಬಿಟ್ಟು ಗ್ಯಾರೇಜಿಗೆ ಸೇರುವ ಮಗನ ಹೆಗಲಿಗೆ, ಅವರಿವರ ಮನೆಯ ಪಾತ್ರೆ ತೊಳೆಯುವ ಹೆಂಡತಿಯ ಹೆಗಲಿಗೆ.

ಇಷ್ಟು ಹೇಳಿ ಸರಕಾರದ ಮೇಲೆ ಬೆರಳು ತೋರಿಸಿ ಸುಮ್ಮನಾದರೆ ನಾವು ಪ್ರಾಮಾಣಿಕರಲ್ಲ. ನಮ್ಮ ಕೈಯಿಂದಲೇ ಸೋರಿಹೋಗುವುದೆಷ್ಟು? ಮಗಳ ಮದುವೆಗೆ ಹತ್ತು ವರ್ಷದ ದುಡಿಮೆ ಒಂದೇ ರಾತ್ರಿ ಬಿರಿಯಾನಿಯ ಡೇಗಿನಲ್ಲಿ ಬೇಯುತ್ತದೆ. ವಧುವಿಗೆ ಮಹರ್ ಕೊಡಬೇಕಾದ ಸಮುದಾಯ ವರನಿಗೆ ಬೈಕು ಕೊಡಲು ಒಡವೆ ಅಡವಿಡುತ್ತದೆ. ಬಡ್ಡಿ ತಿನ್ನುವುದು ಪಾಪವೆಂದು ಬ್ಯಾಂಕಿನಲ್ಲಿ ಠೇವಣಿ ಇಡಲು ಹಿಂಜರಿಯುವ ನಾವು, ಬಡ್ಡಿ ಕಟ್ಟುವುದನ್ನು ಮಾತ್ರ ಜೀವನವಿಡೀ ಮಾಡುತ್ತೇವೆ. ಇದು ಯಾವ ಧರ್ಮಸೂಕ್ಷ್ಮ? ಆ ಹಿಂಜರಿಕೆಯನ್ನೇ ಬಂಡವಾಳ ಮಾಡಿಕೊಂಡು 'ಹಲಾಲ್ ಲಾಭ'ದ ಹೆಸರಿನಲ್ಲಿ ಬೆಳೆದ ಬೆಂಗಳೂರಿನ ಐಎಂಎ ಕಂಪನಿ 2019ರಲ್ಲಿ ಕುಸಿದಾಗ ಸಾವಿರಾರು ಕುಟುಂಬಗಳ ಗಂಟು ಹೋಯಿತು. ಟೋಪಿ ಗಡ್ಡ ನೋಡಿ ನಂಬಿದೆವು, ಲೆಕ್ಕಪತ್ರ ಕೇಳಲಿಲ್ಲ.

ಸಾಲದ ಹೊರೆಗೆ ಜಾತಿಮತದ ಭೇದವಿಲ್ಲ. 2025ರ ಜನವರಿಯಲ್ಲಿ ನಮ್ಮದೇ ಚಾಮರಾಜನಗರ ಜಿಲ್ಲೆಯಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ರಾಜ್ಯವನ್ನು ಕಲಕಿತು. ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ತಂದಿತು. ವಸೂಲಿಗಾರನ ಬಾಯಿಗೆ ಕಾನೂನು ಬೀಗ ಹಾಕಬಹುದು. ಆದರೆ ಸಾಲ ಮಾಡದೆ ಆಸ್ಪತ್ರೆಗೂ ಮದುವೆಗೂ ಹಣ ಹೊಂದಿಸಲಾಗದ ಬದುಕನ್ನು ಸುಗ್ರೀವಾಜ್ಞೆ ಬದಲಿಸುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಕಟ್ಟಡ ಕಾರ್ಮಿಕರಿಗಾಗಿ ಕಟ್ಟಡದ ವೆಚ್ಚದ ಮೇಲೆ ಶೇ. 1ರ ಸೆಸ್ ವಸೂಲಾಗುತ್ತದೆ, ಅದರಿಂದ ಕಲ್ಯಾಣ ಮಂಡಳಿ ನಡೆಯುತ್ತದೆ. ಗೂಡಿನ ಮಾರುಕಟ್ಟೆಯಲ್ಲೂ ಶುಲ್ಕ ವಸೂಲಾಗುತ್ತದೆ. ಅದರ ಒಂದು ಪಾಲನ್ನು ನೂಲು ಬಿಚ್ಚುವ ಕಾರ್ಮಿಕರ ನಿಧಿಗೆ ತೆಗೆದಿಡಬೇಕು. ಅವರಿಗೆ ಅರವತ್ತರವರೆಗೆ ಕಾಯಿಸದೆ, ಕೈ ಸೋತಾಗಲೇ ನೆರವು ಸಿಗಬೇಕು. ಇದನ್ನು ಕೇಳಲು ನಾಚಬೇಕಿಲ್ಲ. ಜಮಾಅತ್‌ಗಳು ಮಿನಾರದ ಎತ್ತರಕ್ಕೆ ಚಂದಾ ಎತ್ತುವ ಉತ್ಸಾಹದಲ್ಲಿ ಅರ್ಧವನ್ನು ಬಡ್ಡಿಯಿಲ್ಲದ ಸಾಲದ ನಿಧಿಗೆ ತೋರಿಸಲಿ. ಅದರ ಲೆಕ್ಕವನ್ನು ಪ್ರತಿ ತಿಂಗಳು ಮಸೀದಿಯ ಗೋಡೆಗೆ ಅಂಟಿಸಲಿ. ಮನೆಯಲ್ಲಿ ನಾವು ಮೊದಲು ಮೀಟರ್ ಬಡ್ಡಿಯ ಸಾಲ ತೀರಿಸೋಣ, ಆಮೇಲೆ ಅಡವಿಟ್ಟ ಒಡವೆ ಬಿಡಿಸೋಣ, ಅದಾದ ಮೇಲೆ ಉಳಿತಾಯದ ಮಾತು. ಆ ಉಳಿತಾಯ ಮನೆಯ ಹೆಂಗಸಿನ ಹೆಸರಿನಲ್ಲಿರಲಿ.

ನಲವತ್ತೈದಕ್ಕೆ ಕೆಲಸ ಬಿಟ್ಟು ಊರೂರು ಸುತ್ತುವ ಕನಸು ಕಾಣುವವರ ಮೇಲೆ ನಮಗೆ ಹೊಟ್ಟೆಯುರಿಯಿಲ್ಲ. ಅವರು ಸುಖವಾಗಿರಲಿ. ಅವರು ಮದುವೆಗೆ ಉಡುವ ರೇಷ್ಮೆಯ ಎಳೆ ತೆಗೆದ ಕೈಗಳಿಗೆ, ಸಾಲಗಾರ ಬಾಗಿಲು ಬಡಿಯದ ಒಂದು ಮುಪ್ಪು ಬೇಕು. ನಾವು ಕೇಳುತ್ತಿರುವುದು ಇಷ್ಟೇ.