ಪೀಠ ಬಿಟ್ಟು ಬಂದ ತತ್ತ್ವಜ್ಞಾನಿ

ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ. ಅದಕ್ಕೆ ಐದು ವರ್ಷ ತುಂಬುವ ಹೊತ್ತಿಗೆ ಒಂದು ಅಪರೂಪದ ಅದಲುಬದಲು ನಡೆಯಿತು. ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಡುತ್ತಿದ್ದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಯ ಐದನೇ ಜಾರ್ಜ್ ಪೀಠಕ್ಕೆ ಹೋದರು. ಅದೇ ಪೀಠದಲ್ಲಿದ್ದ ಬ್ರಜೇಂದ್ರನಾಥ ಸೀಲ್ ಕುಲಪತಿಯಾಗಿ ಮೈಸೂರಿಗೆ ಬಂದರು. ವಿದ್ಯಾರ್ಥಿಗಳು ರಾಧಾಕೃಷ್ಣನ್ನರ ಸಾರೋಟನ್ನು ರೈಲು ನಿಲ್ದಾಣದವರೆಗೆ ಎಳೆದ ಕಥೆಯನ್ನು ಶಿಕ್ಷಕರ ದಿನದಂದು ಈಗಲೂ ಹೇಳುತ್ತೇವೆ. 1930ರವರೆಗೆ ವಿಶ್ವವಿದ್ಯಾನಿಲಯವನ್ನು ನಡೆಸಿದ ಸೀಲರನ್ನು ಮಾತ್ರ ಮರೆತಿದ್ದೇವೆ. ಇದು ಸಲ್ಲದು.

1864ರಲ್ಲಿ ಹುಟ್ಟಿದ ಸೀಲ್, ಕಾಲೇಜಿನಲ್ಲಿ ವಿವೇಕಾನಂದರ ಒಡನಾಡಿ. ಪ್ರಾಚೀನ ಭಾರತದ ವಿಜ್ಞಾನಗಳ ಬಗ್ಗೆ ಅವರು ಬರೆದ ಗ್ರಂಥ 1915ರಲ್ಲಿ ಹೊರಬಂತು. ಅದಕ್ಕೆ ಸರಿಗಟ್ಟುವ ಇನ್ನೊಂದು ಶಾಸ್ತ್ರಗ್ರಂಥ ಅವರಿಂದ ಬರಲಿಲ್ಲ. ಬರೆಯುವ ವಯಸ್ಸನ್ನು ಅವರು ನಮ್ಮ ಆಡಳಿತಕ್ಕೆ ಕೊಟ್ಟರು. ಆ ನಷ್ಟಕ್ಕೆ ಪ್ರತಿಯಾಗಿ ಏನು ಬಂತೆಂದು ನೋಡೋಣ. 1924ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಅದೇ ವರ್ಷ ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಮುಂದೆ 1935ರಲ್ಲಿ ‘ಆಕಾಶವಾಣಿ’ ಶುರುಮಾಡಿದವರೂ ಅವರೇ. 1927ರಲ್ಲಿ ಕನ್ನಡ ಎಂ.ಎ. ತರಗತಿ ಬಂತು, ಕುವೆಂಪು ಅದರ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರು. ಇವೆಲ್ಲ ಸೀಲ್ ಒಬ್ಬರ ಕೆಲಸವಲ್ಲ, ನಿಜ. ಆದರೆ ವೈದ್ಯ, ಮನಶ್ಶಾಸ್ತ್ರ, ಕನ್ನಡ ಮೂರೂ ಒಂದೇ ಸೂರಿನಡಿ ಬೆಳೆದದ್ದು ಎಲ್ಲ ವಿದ್ಯೆಯನ್ನೂ ತನ್ನದೆಂದು ಓದಿಕೊಂಡಿದ್ದ ಆ ಮನುಷ್ಯ ಕುಲಪತಿಯಾಗಿದ್ದಾಗ.

ನಮ್ಮ ಭಾಗಕ್ಕೆ ಹತ್ತಿರದ ಸಂಗತಿ ಬೇರೆಯೇ ಇದೆ. 1881ರಿಂದ ತಾಲ್ಲೂಕುಗಳ ರೈತರು, ವರ್ತಕರು ಮೈಸೂರಿಗೆ ಹೋಗಿ ಪ್ರಜಾಪ್ರತಿನಿಧಿ ಸಭೆಯಲ್ಲಿ ಕೂರುತ್ತಿದ್ದರು. ಹುಣಸೂರು, ಯಡತೊರೆ, ಹೆಗ್ಗಡದೇವನಕೋಟೆಯ ಕಷ್ಟಸುಖ ದಿವಾನರ ಕಿವಿಗೆ ಬೀಳುತ್ತಿದ್ದ ಜಾಗ ಅದು. ಆದರೆ ಸಭೆಗೆ ಶಾಸನದ ಬಲವಿರಲಿಲ್ಲ. ಸಂಸ್ಥಾನದ ರಾಜ್ಯಾಂಗ ಸುಧಾರಣೆಗೆ ನೇಮಿಸಿದ ಸಮಿತಿಗೆ ಸೀಲ್ ಅಧ್ಯಕ್ಷರಾದರು. ಸಮಿತಿಯ ವರದಿಯ ಬೆನ್ನಿಗೇ, 1923ರಲ್ಲಿ, ಸಭೆಗೆ ಕಾನೂನಿನ ಸ್ಥಾನ ಸಿಕ್ಕಿತು. ತತ್ತ್ವಶಾಸ್ತ್ರದ ಮೇಷ್ಟರೊಬ್ಬರು ರೈತರ ಸಭೆಗೆ ನೆಲೆ ಒದಗಿಸಿದ್ದು ಸಣ್ಣ ಮಾತಲ್ಲ.

ಆದರೂ ವರದಿ ಅರ್ಧಕ್ಕೇ ನಿಂತಿತು. ಬಿಡಿ ಮತಗಳ ಎಣಿಕೆಗಿಂತ ಸಮುದಾಯಗಳ, ವೃತ್ತಿಗಳ ಸಮತೋಲ ಮುಖ್ಯ ಎಂಬುದು ಸೀಲರ ನಿಲುವು. ದಿವಾನರು ಸಭೆಗೆ ಉತ್ತರದಾಯಿಯಾಗಬೇಕೆಂದು ಅವರು ಹೇಳಲಿಲ್ಲ. ಜವಾಬ್ದಾರಿ ಸರ್ಕಾರಕ್ಕೆ 1947ರ ‘ಮೈಸೂರು ಚಲೋ’ ಚಳವಳಿ ಬೇಕಾಯಿತು. ಕಂದಾಯ ಕಟ್ಟುವವರಿಗೆ, ಓದಿದವರಿಗೆ ಮತವಿತ್ತು. ಹೆಗ್ಗಡದೇವನಕೋಟೆಯ ಹಾಡಿಗಳ ಜೇನುಕುರುಬರಿಗೆ ಇರಲಿಲ್ಲ. ಸಮುದಾಯಗಳ ಹಿತವನ್ನು ಅಷ್ಟು ಯೋಚಿಸಿದ ತತ್ತ್ವಜ್ಞಾನಿಯ ಕಣ್ಣಿಗೆ ಕಾಡಂಚಿನ ಜನ ಬೀಳದೆ ಹೋದದ್ದು ನೋವಿನ ಸಂಗತಿ. ಅವರ ಸಾಧನೆಯ ಲೆಕ್ಕದಲ್ಲಿ ಇದನ್ನೂ ಬರೆದಿಡಬೇಕು.

1930ರಲ್ಲಿ ಆರೋಗ್ಯ ಕೆಟ್ಟು ಅವರು ಕಲ್ಕತ್ತೆಗೆ ಮರಳಿದರು, 1938ರಲ್ಲಿ ತೀರಿಕೊಂಡರು. ರಾಜ್ಯಶಾಸ್ತ್ರ ಓದುವ ನಮ್ಮ ತಾಲ್ಲೂಕುಗಳ ಮಕ್ಕಳ ಕೈಗೆ 1923ರ ಆ ವರದಿ, ಒಳ್ಳೆಯ ಕನ್ನಡದಲ್ಲಿ, ಅದರ ಕೊರತೆಗಳನ್ನು ತೋರಿಸುವ ಟಿಪ್ಪಣಿಯೊಂದಿಗೆ ಸಿಗಬೇಕು. ವಿಶ್ವವಿದ್ಯಾನಿಲಯವೇ ಮುಂದಾಗಿ ಆ ಕೆಲಸ ಮಾಡಲಿ.