ಯುದ್ಧದ ಲೆಕ್ಕ ಕೇಳುವ ವಿಶ್ವವಿದ್ಯಾಲಯ

ಯುದ್ಧಕ್ಕೆ ಹೊರಡುವ ಸರ್ಕಾರಗಳು ಅದರ ಕಾರಣವನ್ನು ವಿವರವಾಗಿಯೇ ಹೇಳುತ್ತವೆ; ಪೂರ್ಣ ವೆಚ್ಚವನ್ನು ಹೇಳುವುದಿಲ್ಲ. ಆ ಲೆಕ್ಕ ಕೇಳುವ ಹೊಣೆ ಸಂಸತ್ತು ಮತ್ತು ಪತ್ರಿಕೆಗಳದ್ದು ಮಾತ್ರವಲ್ಲ, ವಿಶ್ವವಿದ್ಯಾಲಯಗಳದ್ದೂ ಹೌದು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ವಾಟ್ಸನ್ ಸಂಸ್ಥೆಯಲ್ಲಿ 2010ರಲ್ಲಿ ಆರಂಭವಾದ ‘ಯುದ್ಧದ ವೆಚ್ಚ’ ಯೋಜನೆ ಇದಕ್ಕೆ ನಿದರ್ಶನ.

ಮಾನವಶಾಸ್ತ್ರಜ್ಞೆ ಕ್ಯಾಥರೀನ್ ಲುಟ್ಜ್ ಹಾಗೂ ರಾಜ್ಯಶಾಸ್ತ್ರಜ್ಞೆ ನೀಟಾ ಕ್ರಾಫರ್ಡ್ ಆರಂಭಿಸಿದ ಈ ಯೋಜನೆ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕ ನಡೆಸಿದ ಯುದ್ಧಗಳ ಲೆಕ್ಕವನ್ನು ಸಾರ್ವಜನಿಕರ ಮುಂದಿಡುತ್ತ ಬಂದಿದೆ. 2021ರ ಅದರ ಅಂದಾಜಿನ ಪ್ರಕಾರ ಒಟ್ಟು ವೆಚ್ಚ 8 ಲಕ್ಷ ಕೋಟಿ ಡಾಲರ್. ನೇರ ಹಿಂಸೆಗೆ ಬಲಿಯಾದವರು ಸುಮಾರು 9 ಲಕ್ಷ. ಯುದ್ಧಕ್ಕಾಗಿ ಮಾಡಿದ ಸಾಲದ ಬಡ್ಡಿಯನ್ನೂ ಮಾಜಿ ಯೋಧರಿಗೆ 2050ರವರೆಗೆ ನೀಡಬೇಕಾದ ಚಿಕಿತ್ಸೆ ಮತ್ತು ಪರಿಹಾರದ 2.2 ಲಕ್ಷ ಕೋಟಿ ಡಾಲರನ್ನೂ ಸೇರಿಸಿದ್ದರಿಂದಲೇ ಮೊತ್ತ ಇಷ್ಟು ದೊಡ್ಡದಾಯಿತು. ಸೇನೆ ಮರಳಿ ಬಂದ ಮೇಲೂ ತೆರಿಗೆದಾರ ಯುದ್ಧದ ಬಾಕಿ ತೀರಿಸುತ್ತಲೇ ಇರುತ್ತಾನೆ ಎಂಬುದು ಇದರ ತಾತ್ಪರ್ಯ.

ಇಂಥ ಚರ್ಚೆ ಯೋಧರ ಸ್ಥೈರ್ಯ ಕುಂದಿಸುತ್ತದೆ ಎಂಬ ಆಕ್ಷೇಪವಿದೆ. ನಾನು ಇದನ್ನು ಒಪ್ಪಲಾರೆ. ಈ ಯುದ್ಧಗಳ ಕಾರ್ಯಾಚರಣೆಗಳಲ್ಲಿ ಮಡಿದ ಅಮೆರಿಕದ ಯೋಧರು 7,057. ಆತ್ಮಹತ್ಯೆ ಮಾಡಿಕೊಂಡ ಹಾಲಿ ಮತ್ತು ಮಾಜಿ ಯೋಧರು 30,177 ಎಂಬ ಅಂದಾಜನ್ನು 2021ರಲ್ಲಿ ಪ್ರಕಟಿಸಿದ್ದು ಇದೇ ಯೋಜನೆ. ಯೋಧರ ಪರವಾಗಿ ಇದಕ್ಕಿಂತ ಬಲವಾದ ವಾದ ಯಾವುದಿದೆ?

ಈ ಪರಂಪರೆಗೆ ಇತಿಹಾಸವೂ ಇದೆ. 1965ರ ಮಾರ್ಚ್ 24ರ ರಾತ್ರಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರು ವಿಯೆಟ್ನಾಂ ಯುದ್ಧದ ಕುರಿತು ಬೆಳಗಿನವರೆಗೂ ಉಪನ್ಯಾಸ, ಸಂವಾದ ನಡೆಸಿದರು. ಸುಮಾರು 3,000 ಜನ ಸೇರಿದ್ದರು. ಅಂಥ ಚರ್ಚೆ ಅಧಿಕಾರಸ್ಥರನ್ನು ತಲುಪದೇ ಇರುವುದಿಲ್ಲ. 2021ರ ಆಗಸ್ಟ್ 31ರಂದು ಅಫ್ಗಾನಿಸ್ತಾನದಿಂದ ಸೇನಾ ವಾಪಸಾತಿಯನ್ನು ಸಮರ್ಥಿಸಿಕೊಂಡ ಅಧ್ಯಕ್ಷ ಜೋ ಬೈಡನ್, ಆ ಯುದ್ಧಕ್ಕೆ 20 ವರ್ಷ ಕಾಲ ದಿನಕ್ಕೆ 30 ಕೋಟಿ ಡಾಲರಿಗೂ ಹೆಚ್ಚು ವ್ಯಯವಾಯಿತೆಂದು ಹೇಳಲು ಆಧರಿಸಿದ್ದು ಬ್ರೌನ್ ಸಂಶೋಧಕರ ಅಂದಾಜನ್ನೇ.

ನಮ್ಮಲ್ಲಿನ ಸ್ಥಿತಿಯೇನು? 1962ರ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಸರ್ಕಾರ ಇಂದಿಗೂ ಅಧಿಕೃತವಾಗಿ ಬಿಡುಗಡೆ ಮಾಡಿಲ್ಲ. ಯುದ್ಧ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಮುಕ್ತಗೊಳಿಸಬೇಕೆಂಬ ನೀತಿಯನ್ನು ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಪ್ರಕಟಿಸಿತಾದರೂ, ಸೂಕ್ಷ್ಮ ವಿಷಯಗಳ ನಿರ್ಧಾರವನ್ನು ತನ್ನ ವಿವೇಚನೆಗೇ ಉಳಿಸಿಕೊಂಡಿತು. ದಾಖಲೆ ದೊರೆತರಷ್ಟೇ ಸಾಲದು. ಅದನ್ನು ಓದಿ, ಗಡಿ ಗ್ರಾಮಗಳ ಮತ್ತು ಯೋಧರ ಕುಟುಂಬಗಳ ಅನುಭವದೊಂದಿಗೆ ಇಟ್ಟು ನೋಡಿ, ಜನರ ಭಾಷೆಯಲ್ಲಿ ವಿವರಿಸುವವರು ಬೇಕು. ನಮ್ಮ ವಿಶ್ವವಿದ್ಯಾಲಯಗಳು ಯುದ್ಧವನ್ನು ರಕ್ಷಣಾ ಅಧ್ಯಯನದ ತರಗತಿಗಳಿಗೆ ಸೀಮಿತಗೊಳಿಸದೆ, ಊರಿನ ಜನ ಬಂದು ಪ್ರಶ್ನಿಸಬಹುದಾದ ಸಭಾಂಗಣಕ್ಕೆ ತರಬೇಕು. ಪ್ರಶ್ನೆ ಕೇಳಿದವರನ್ನು ದೇಶದ್ರೋಹಿಗಳೆನ್ನದಿರುವ ಧೈರ್ಯವನ್ನು ಸರ್ಕಾರಗಳೂ ತೋರಬೇಕು.